ಇಪ್ಪತ್ತು ದಿನದ ಹಾಜರಿ

"ನೋಡಮ್ಮಾ, ನಿಮ್ಮ ಯಜಮಾನ್ರು ಇಪ್ಪತ್ತು ದಿನ ತರಬೇತಿಗೆ ಬಂದಿದಾರೆ. ಹದಿನೈದು ದಾಟಿದ್ರೆ ದುಡಿಯೋ ಶಕ್ತಿ ಬಂತು ಅಂತಲೇ ಅರ್ಥ. ಹೆಂಡ್ತಿ ಮಕ್ಕಳ ಭತ್ಯೆ ಈ ತಿಂಗಳಿಂದ ಇಲ್ಲ," ಎಂದು ಕಾರ್ಮಿಕ ವಿಮಾ ಕಚೇರಿಯ ಗುಮಾಸ್ತೆ ರಾಜ್ಯಲಕ್ಷ್ಮಿ ಹಾಜರಿ ಪುಸ್ತಕವನ್ನು ಚಂದ್ರಕಲಾಳತ್ತ ತಿರುಗಿಸಿದಳು.

ಅಚ್ಯುತಾಪುರಂ ಕಾರ್ಖಾನೆಯಲ್ಲಿ ಕಾಲು ಕಳೆದುಕೊಂಡ ಅವಳ ಗಂಡ ನಂದೀಶ, ಅಂಗವಿಕಲರಿಗೆ ಹೊಸ ಕೆಲಸ ಕಲಿಸುವ ಆ ತರಬೇತಿಗೆ ಹೋಗಿದ್ದು ಹನ್ನೊಂದೇ ದಿನ. ಮಿಕ್ಕ ಒಂಬತ್ತು ದಿನ ಗಾಯ ಕೀವುಗಟ್ಟಿ, ಜ್ವರದಲ್ಲಿ ಮಲಗಿದ್ದ. ಗೈರಾದರೆ ಭತ್ಯೆ ನಿಲ್ಲುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ತರಬೇತಿಯ ಮೇಷ್ಟ್ರು ದುರ್ಗಾಪ್ರಸಾದರಿಗೆ ಸಿಂಹಾಚಲಂ ದೇವಸ್ಥಾನದ ಪ್ರಸಾದ ಕೊಟ್ಟು, ಕಾಲಿಗೆ ಬಿದ್ದು, ಆ ಒಂಬತ್ತು ದಿನಕ್ಕೂ ಹಾಜರಿ ಹಾಕಿಸಿದವಳು ಚಂದ್ರಕಲಾಳೇ. ಪುಣ್ಯಾತ್ಮ ಮೇಷ್ಟ್ರು ಒಂದು ಕಾಸೂ ಮುಟ್ಟಿರಲಿಲ್ಲ.

"ಒಂಬತ್ತು ದಿನ ಅವ್ರು ಬಂದೇ ಇಲ್ಲ ಮೇಡಂಗಾರು. ಮನೇಲಿ ಮಲಗಿದ್ರು."

"ಹಾಗಾದ್ರೆ ಇದು ಸುಳ್ಳು ಹಾಜರಿ. ಕಾಲು ಹೋಗಿದ್ದಕ್ಕೆ ನಿಮ್ಮ ಯಜಮಾನ್ರಿಗೆ ಬರೋ ಪಿಂಚಣೀನೂ ಹೋಗುತ್ತೆ, ಮೇಷ್ಟ್ರ ನೌಕರೀನೂ ಹೋಗುತ್ತೆ. ಬರ್ಕೊಳ್ಲಾ?" ರಾಜ್ಯಲಕ್ಷ್ಮಿ ಪೆನ್ನಿನ ಮುಚ್ಚಳ ತೆಗೆದಳು.

ಹೆದರಿದವಳ ಮೇಲೆ ಹಾವೆಸೆದಂತಾಯಿತು. ಚಂದ್ರಕಲಾ ಗಬಕ್ಕನೆ ಆ ಪೆನ್ನು ಹಿಡಿದುಕೊಂಡಳು. ಭತ್ಯೆ ನಿಲ್ಲಿಸುವ ಕಾಗದವನ್ನು ತಾನೇ ಎಳೆದುಕೊಂಡು ಸಹಿ ಹಾಕುತ್ತಾ ನಗಲು ನೋಡಿದಳು.

"ನಂದೇ ಮರೆವು ಮೇಡಂಗಾರು. ಇಪ್ಪತ್ತು ದಿನಾನೂ ಬಂದಿದ್ರು. ನಡ್ಕೊಂಡೇ ಬಂದಿದ್ರು."