ಎಂಟುನೂರು ಕುಂಡ

ಕೊನೆಯ ತಟ್ಟೆಯ ಸಸಿಗಳನ್ನೂ ಉರಿಯುವ ಕಸಕ್ಕೆ ಸುರಿದು ದೊಡ್ಡಳಿಯ ಕೈ ಕೊಡವಿಕೊಂಡ. ಪೀಡೆ ತೊಲಗಿತು.

ಸಸ್ಯಶಾಲೆ ಮಾವ ಬಿಟ್ಟುಹೋದದ್ದು. ಸಸಿಗಳು ಷಡ್ಡಕನವು. ಊರಾಚೆಯ ಜೌಗನ್ನು ಮಣ್ಣು ತುಂಬಿ ಮುಚ್ಚುವ ಮೊದಲು ಆ ಮಹಾಶಯ ಅಲ್ಲಿಂದ ಕಾಡುಗಿಡದ ಬೀಜ ಆರಿಸಿ ತಂದಿದ್ದ. ನೆನೆಸಿದ, ತಣ್ಣಗಿಟ್ಟ, ಇದ್ದಷ್ಟನ್ನೂ ಬಿತ್ತಿದ, ಜೋಗುಳ ಹಾಡುವುದೊಂದು ಬಾಕಿ. ಬಂದದ್ದೇನು? ಒಂದು ಕುಳ್ಳ, ಒಂದು ಸೊಟ್ಟ, ಒಂದರ ಮುಖ ಇನ್ನೊಂದಕ್ಕಿಲ್ಲ. ಥೂ!

ದೊಡ್ಡಳಿಯನ ವರಸೆಯೇ ಬೇರೆ. ಅದೇ ಜೌಗಿನಿಂದ ಅದೇ ಗಿಡದ ಒಂದು ಬುಡ ಕಿತ್ತು ತಂದ. ಗೆಡ್ಡೆ ಸೀಳಿ ನೆಟ್ಟ. ಚಿಗುರಿದ್ದನ್ನು ಮತ್ತೆ ಸೀಳಿದ. ಈಗ ಎಂಟುನೂರು ಕುಂಡ, ಕವಾಯತಿಗೆ ನಿಂತ ಪೊಲೀಸರ ಹಾಗೆ: ಒಂದೇ ಎತ್ತರ, ಒಂದೇ ದಿನ ಹೂವು. ಬೀಜ ಮಾತ್ರ ಕಟ್ಟಿರಲಿಲ್ಲ. ಚಾಕು ಇರುವವನಿಗೆ ಬೀಜ ಯಾಕೆ?

ಮುಚ್ಚಿದ್ದಕ್ಕೆ ಬದಲಾಗಿ ಸರಕಾರ ಹೊಸದಾಗಿ ತೋಡಿಸಿದ ಜೌಗಿಗೆ ಈ ಗಿಡ ತುಂಬಿಸುವ ಕೆಲಸ ಇಬ್ಬರಲ್ಲಿ ಯಾರಿಗೆಂದು ಇವತ್ತು ಅಧಿಕಾರಿ ಬಂದು ತೀರ್ಮಾನ. ಈ ಸಸ್ಯಶಾಲೆ ಬಿಟ್ಟರೆ ಬೇರೆಲ್ಲೂ ಈ ಗಿಡ ಉಳಿದಿರಲಿಲ್ಲ.

"ನನ್ನ ಸಸಿ ಎಲ್ಲಿ?" ಷಡ್ಡಕ ಓಡಿ ಬಂದ.

"ಸುಟ್ಟೆ. ಅಧಿಕಾರಿ ಮುಂದೆ ಆ ದರಿದ್ರ ಇಟ್ಕೊಂಡು ಮರ್ಯಾದೆ ಕಳಕೊಳ್ಳಲಾ?"

ಷಡ್ಡಕ ಬೆಂಕಿಯ ಪಕ್ಕ ಕುಕ್ಕರಿಸಿ ಬರಿಗೈಯಲ್ಲಿ ಬೂದಿ ಕೆದಕತೊಡಗಿದ. ಅಳುತ್ತಿದ್ದ ಬೇರೆ. ಗಡ್ಡ ನೆರೆತ ಗಂಡಸು, ಹುಲ್ಲುಕಡ್ಡಿಗೆ ಅಳುವುದೇ! ದೊಡ್ಡಳಿಯನಿಗೆ ನಗು ತಡೆಯಲಾಗಲಿಲ್ಲ.

ಅಧಿಕಾರಿಣಿ ಬಂದಳು. ಸಾಲುಸಾಲಾಗಿ ನಡೆದು, ಒಣಗಿದ ಹೂವೊಂದನ್ನು ಹಿಸುಕಿ ನೋಡಿದಳು.

"ಬೀಜ ಇಲ್ಲ."

"ಎಲ್ಲ ಒಂದೇ ಬುಡದ್ದು ಮೇಡಂ. ಬೆರಕೆ ಇಲ್ಲ," ಎಂದು ಅವನು ಎದೆಯುಬ್ಬಿಸಿದ.

"ಗೊತ್ತಾಯ್ತು. ಈ ಜಾತಿಗೆ ಬೇರೆ ಬುಡದ ಗಿಡದ ಪರಾಗ ಬಿದ್ರೇನೇ ಬೀಜ. ನಿಮ್ಮ ಷಡ್ಡಕರ ಸಸಿ ಇವೆಯಲ್ಲ, ಚಿಂತೆ ಇಲ್ಲ. ಎಲ್ಲಿ, ತೋರಿಸಿ."

ದೊಡ್ಡಳಿಯ ಹೊಗೆಯತ್ತ ಗದ್ದ ಎತ್ತಿದ. "ಆ ಕಸಾನಾ? ಸುಟ್ಟುಬಿಟ್ಟೆ. ನಿಮಗ್ಯಾಕೆ ಯೋಚನೆ, ನನ್ನ ಹತ್ರ ಎಂಟುನೂರು ಗಿಡ ಇವೆ."

ಅವಳು ಬೂದಿ ಕೆದಕುತ್ತಿದ್ದವನನ್ನು ನೋಡಿದಳು. ಆಮೇಲೆ ಇವನನ್ನು, ಕಾಲಿಗಂಟಿದ ಹೊಲಸನ್ನು ನೋಡುವಂತೆ ನೋಡಿದಳು.

"ನಿಮ್ಮ ಹತ್ರ ಇರೋದು ಒಂದೇ ಗಿಡದ ಎಂಟುನೂರು ಚೂರು ಕಣ್ರೀ, ಭೂಮಿ ಮೇಲೆ ಅದಕ್ಕೆ ಜೊತೆ ಅಂತ ಉಳಿದಿದ್ದನ್ನೆಲ್ಲ ಈಗ ತಾನೇ ಸುಟ್ಟಿರಿ."