ಮೂರು ಗಂಟೆಯ ಕಂಪ್ಯೂಟರ್

ಗಡಿಯಾರ ಮೂರು ಹೊಡೆಯಿತು. ಯಾರೂ ಮುಟ್ಟದೆ ಕಂಪ್ಯೂಟರ್ ತಾನೇ ಚಾಲೂ ಆಯಿತು. ಒಳಗಿನ ಫ್ಯಾನು ಗೊರ್ರೆಂದಿತು, ಪರದೆ ಬೆಳಗಿತು. ಅದರ ಒಡೆಯ ಬಂಡು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

ತುಂಗಾಬಾಯಿ ಪರದೆಯನ್ನು ನೋಡಲಿಲ್ಲ, ಸೊಸೆಯ ಮುಖ ನೋಡಿದರು. "ಆತಲ್ಲಾ, ಇನ್ನ ಊಟಾ ಮಾಡು," ಎಂದು ತಾಟು ಮುಂದೆ ಸರಿಸಿದರು.

ದಿನವೂ ಇದೇ. ಕಮಲಾಪುರದ ಶಾಲೆಯಲ್ಲಿ ಪಾಠ ಮುಗಿಸಿ ಎರಡೂವರೆಗೆ ಮನೆಗೆ ಬರುವ ಇಂದೂಬಾಯಿ, ಹಸಿವಾದರೂ ಅತ್ತೆಯ ಪಕ್ಕ ಕೂತು ಮೂರಾಗುವುದನ್ನು ಕಾಯುತ್ತಿದ್ದಳು. ಅವಳ ಪಾಲಿಗೆ ಇದರಲ್ಲಿ ದೆವ್ವವೂ ಇರಲಿಲ್ಲ, ಪವಾಡವೂ ಇರಲಿಲ್ಲ. ಬಂಡು ಕಲಬುರಗಿಯ ಒಂದು ಪ್ರೆಸ್ಸಿನಲ್ಲಿ ಬೆಳಗಿನ ಪಾಳಿ ಮುಗಿಸಿ ಮೂರರ ಬಸ್ಸಿಗೆ ಬಂದಿಳಿಯುತ್ತಿದ್ದ. ಈ ಮುದಿ ಯಂತ್ರಕ್ಕೆ ಮೈಮುರಿದು ಏಳಲು ಹತ್ತು ನಿಮಿಷ ಬೇಕು. ತಾನು ಮನೆ ಮುಟ್ಟುವಷ್ಟರಲ್ಲಿ ತಯಾರಿರಲಿ ಎಂದು ಅದರ ಹೊಟ್ಟೆಯೊಳಗೆ ಮೂರು ಗಂಟೆ ಎಂದು ಬರೆದಿಟ್ಟಿದ್ದ, ಅಲಾರಾಂ ಇಟ್ಟ ಹಾಗೆ. ಅವನು ಹೋದ, ಅಲಾರಾಂ ಉಳಿಯಿತು. ಪಂಚಾಂಗ ಬಿಟ್ಟು ಬೇರೆ ಪುಸ್ತಕ ತೆರೆಯದ ಅತ್ತೆಗೆ ಇದೆಲ್ಲ ಏನು ತಿಳಿದೀತು, ಪಾಪ! ಮಗ ಬಂದ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ ಎಂದು ಇಂದೂ ಸುಮ್ಮನಿದ್ದಳು. ಆ ಒಂದು ಗಳಿಗೆ ತಪ್ಪಿದರೆ ಮುದುಕಿ ಉಳಿಯುವುದಿಲ್ಲ ಎಂಬುದು ಅವಳ ಹೆದರಿಕೆ.

ತಪ್ಪುವ ಕಾಲ ಬಂದೇಬಿಟ್ಟಿತು. ಶಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡುವ ಕೆಲಸದಿಂದಲೇ ಮನೆಯ ಅರ್ಧ ಖರ್ಚು ಸಾಗುತ್ತಿತ್ತು. ಯಂತ್ರವೋ, ಒಂದು ಪುಟಕ್ಕೆ ಎರಡು ಸಲ ಕೈಕೊಡುತ್ತಿತ್ತು. ಇಂದೂ ಅದನ್ನು ಕೌದಿಯಲ್ಲಿ ಸುತ್ತಿ, ಕೀಬೋರ್ಡನ್ನು ಕೈಚೀಲಕ್ಕೆ ತುರುಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಹೋದಳು.

ರಿಪೇರಿ ಅಂಗಡಿಯ ಶಬ್ಬೀರ್ ಬಂಡುವಿನ ಗೆಳೆಯ. ಹೊಸದಕ್ಕೆ ಇಪ್ಪತ್ತೈದು ಸಾವಿರ, ಅವಳಲ್ಲಿದ್ದದ್ದು ಐದು. ಪೆಟ್ಟಿಗೆ, ಪರದೆ, ಹಾರ್ಡ್ ಡಿಸ್ಕು ಹಳೆಯವೇ ಇರಲಿ, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸೆಕೆಂಡ್ ಹ್ಯಾಂಡ್ ಹಾಕೋಣ, ಐದರೊಳಗೆ ಮುಗಿಸುತ್ತೇನೆ ಎಂದು ಅವನು ಲೆಕ್ಕ ಕೊಟ್ಟ. ಕೀಬೋರ್ಡನ್ನು ಬೆಳಕಿಗೆ ಹಿಡಿದು, ಎರಡು ಮೂರು ಗುಂಡಿ ಮಾತ್ರ ಯಾಕೆ ಹಳದಿಯಾಗಿವೆ ಎಂದು ಕೇಳಿದ. ದಸರೆಯ ಖಂಡೇಪೂಜೆಯ ಅರಿಷಿಣವಿರಬೇಕು ಎಂದಳು ಇಂದೂ. ಆಮೇಲೆ ದನಿ ತಗ್ಗಿಸಿ ಮೂರು ಗಂಟೆಯ ವಿಷಯ ಹೇಳಿದಳು. ಏನು ಬೇಕಾದರೂ ಬದಲಾಗಲಿ, ಅದೊಂದು ಉಳಿಯಬೇಕು ಎಂದು ಕೈಮುಗಿದಳು.

ಶಬ್ಬೀರ್ ಪೆಟ್ಟಿಗೆ ಬಿಚ್ಚಿದ. ನಾಲ್ಕಾಣೆ ಬಿಲ್ಲೆಯಷ್ಟಿದ್ದ ಒಂದು ಸೆಲ್ಲನ್ನು ಕಿತ್ತು ಮೀಟರಿಗೆ ಹಿಡಿದ. ಮುಳ್ಳು ಅಲುಗಲಿಲ್ಲ.

"ವೈನಿ, ಈ ಸೆಲ್ ಬಂಡು ಇದ್ದಾಗೇ ಸತ್ತಿತ್ತು. ಹೊಸಾದು ಒಯ್ಯಿ ಅಂದಿದ್ದೆ, ಬ್ಯಾಡ ಬಿಡು ಅಂತ ನಕ್ಕ. ಇದು ಸತ್ತಮ್ಯಾಲೆ ಕರೆಂಟ್ ಹೋತಂದ್ರ ಒಳಗ ಬರೆದದ್ದೆಲ್ಲಾ ಅಳಿಸಿ ಹೋಗ್ತದ. ತಾರೀಖು, ಟೈಮು, ಆ ಮೂರು ಗಂಟಿ, ಎಲ್ಲಾ. ದಿನಾ ಯಾರರೆ ಹೊಸದಾಗಿ ಬರೀಬೇಕ್ರಿ."

ಇಂದೂಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಮಲಾಪುರದಲ್ಲಿ ದಿನಾ ಒಂಬತ್ತಕ್ಕೆ ಹೋದ ಕರೆಂಟು ಬರುವುದು ಒಂದಕ್ಕೆ. ಆ ಹೊತ್ತಿನಲ್ಲಿ ಅವಳು ಶಾಲೆಯಲ್ಲಿರುತ್ತಾಳೆ. ಮನೆಯಲ್ಲಿ ಅತ್ತೆ ಒಬ್ಬರೇ, ಒಲೆಯ ಮುಂದೆ. ಹಾಗಾದರೆ ಹದಿನಾಲ್ಕು ತಿಂಗಳು ದಿನಾ ಬಂದು ಬರೆದು ಹೋದದ್ದು ಯಾರು? ಅಳುವನ್ನೆಲ್ಲ ನುಂಗಿಕೊಂಡು ಕಲ್ಲಾಗಿದ್ದ ಹೆಂಗಸು ಅಂಗಡಿಯ ಸ್ಟೂಲಿನಿಂದ ಎದ್ದು ಆ ಸತ್ತ ಸೆಲ್ಲನ್ನು ಕೈಗೆತ್ತಿಕೊಂಡಳು. ಒಳಗೆ ಎದ್ದದ್ದು ಹೆದರಿಕೆಯೋ ಆಸೆಯೋ ಅವಳಿಗೇ ತಿಳಿಯಲಿಲ್ಲ.

ಹೊಸ ಸೆಲ್ ಹಾಕಿ ನಾನೇ ಮೂರು ಗಂಟೆ ಬರೆದು ಕೊಡುತ್ತೇನೆ ಎಂದ ಶಬ್ಬೀರ್.

"ನೀವು ಬರೀಬ್ಯಾಡ್ರಿ," ಎಂದಳು ಇಂದೂ. "ಬರಿಯಾವರೇ ಬರೀಲಿ."

ಮುಂದಿನ ಎರಡು ದಿನ ಮೂರು ಗಂಟೆಗೆ ಅತ್ತೆ ಸೊಸೆ ಬರಿಯ ಮೇಜಿನ ಮುಂದೆ ಕೂತರು. ಇಂದೂ ತಾಟು ಮುಟ್ಟಲಿಲ್ಲ. ಬಾಗಿಲು ಕಿರುಗುಟ್ಟಿದರೆ ತಿರುಗಿ ನೋಡುತ್ತಿದ್ದಳು, ಗಾಳಿಗೆ ಅಲುಗಿದ ಕಿಟಕಿಯ ಪರದೆಗೂ ಬೆಚ್ಚುತ್ತಿದ್ದಳು. ತುಂಗಾಬಾಯಿಯದು ಒಂದೇ ಮಾತು, ಶಬ್ಬೀರ ಯಾವಾಗ ತರುತ್ತಾನೆ ಎಂದು.

ರವಿವಾರ ಎರಡು ಗಂಟೆಗೆ ಶಬ್ಬೀರ್ ಪೆಟ್ಟಿಗೆ ಹೊತ್ತು ಬಂದ. ತಂತಿಗಳನ್ನು ಜೋಡಿಸಿದ, ಚಾಲೂ ಮಾಡಿ ತೋರಿಸಿದ, ಮತ್ತೆ ಬಂದ್ ಮಾಡಿದ. ಹೇಳಿದ್ದಕ್ಕೆ ಬದ್ಧನಾಗಿ ಒಳಗೆ ಏನೂ ಬರೆದಿರಲಿಲ್ಲ. ತುಂಗಾಬಾಯಿ ಸೊಸೆಗೆ ಚಹಾ ಇಡಲು ಹೇಳಿದರು.

ಇಂದೂ ನೀರಿಟ್ಟಳು, ಸಕ್ಕರೆ ಹಾಕುವುದನ್ನು ಮರೆತಳು. ಇನ್ನು ಇಪ್ಪತ್ತು ನಿಮಿಷ. ಒಳಗೆಲ್ಲ ಬದಲಾಗಿದೆ, ಅವನಿಗೆ ಇದರ ಗುರುತು ಸಿಕ್ಕೀತೇ? ಒಂದು ಸಲ ಬಂದುಬಿಡು, ಒಂದೇ ಸಲ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅಷ್ಟರಲ್ಲಿ ಹೊರಗೆ ಕುರ್ಚಿ ಸರಿದ ಸಪ್ಪಳವಾಯಿತು. ಅವಳು ಬಾಗಿಲ ಮರೆಗೆ ಬಂದು ಇಣುಕಿದಳು.

ತುಂಗಾಬಾಯಿ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಒಗ್ಗರಣೆಯ ಅರಿಷಿಣ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಡುಗೆಮನೆಗೆ ಕೇಳದ ಹಾಗೆ ಪಿಸುಗುಟ್ಟುತ್ತಿದ್ದರು.

"ಹಳೇದ್ರಾಗ ಬಂಡು ಕಲಿಸಿಕೊಟ್ಟಿದ್ದ, ಶಬ್ಬೀರ. ಇದ್ರಾಗೂ ಡಿಲೀಟ್ ಒತ್ತೇ ಒಳಗ ಹೋಗಿ ಮೂರು ಗಂಟಿ ಬರೀಬೇಕೇನು? ಲಗೂನೆ ತೋರಸಪಾ, ಮೂರಾಗ್ಲಿಕ್ಕೆ ಬಂತು. ಇದು ಏಳಲಿಲ್ಲಂದ್ರ ನಮ್ಮ ಇಂದೂ ತುತ್ತು ಮುಟ್ಟೂದಿಲ್ಲ."