ಮಳೆಯ ಕಡೆಯವನು

“ಮುಟ್ಟಬೇಡ ನನ್ನ,” ಎಂದ ವೇಣು, ಫೋನಿಗೆ.

ಪರದೆಯ ಮೇಲೆ ಅವನ ಸೈನಿಕ ಗುಂಡು ತಿಂದು ನೆಲಕ್ಕೊರಗಿದ್ದ. ತಂಡದ ಮೂವರು ತಮ್ಮ ಜೀವ ಉಳಿದರೆ ಸಾಕೆಂದು ಗೋಡೆಯ ಹಿಂದೆ ಅಡಗಿದ್ದರು. ಗುಂಡಿನ ಮಧ್ಯೆ ಓಡಿ ಬಂದದ್ದು ಚಿಟ್ಟೆ ಒಬ್ಬನೇ. ಬಗ್ಗಿ, ಕೈಕೊಟ್ಟು, ವೇಣುವನ್ನು ಎಬ್ಬಿಸಿ ನಿಲ್ಲಿಸಿದ. ಹೋದ ಜೀವ ಬಂತೆಂಬ ಸಮಾಧಾನಕ್ಕಿಂತ ವೇಣುವಿಗೆ ಹೇಸಿಗೆಯೇ ಹೆಚ್ಚಾಯಿತು. ಆಟದೊಳಗಿನ ಕೈ ಎಂದು ಗೊತ್ತಿದ್ದೂ ತನ್ನ ಅಂಗೈಯನ್ನು ಚಡ್ಡಿಗೆ ಉಜ್ಜಿಕೊಂಡ.

ಚಿಟ್ಟೆ ಎಂಬುದು ಆಟಕ್ಕಾಗಿ ಇಟ್ಟುಕೊಂಡ ಹೆಸರು. ನಿಜವಾದ ಹೆಸರು, ಊರು ಯಾರಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಆಟದ ಕಂಪನಿಯವರು ಕಾಮನಬಿಲ್ಲಿನ ತೋಳಪಟ್ಟಿಯನ್ನು ಎಲ್ಲರಿಗೂ ಪುಕ್ಕಟೆ ಹಂಚಿದ್ದರು. ಗಂಡನ್ನು ಮೆಚ್ಚುವ ಗಂಡಿಗೂ ಹೆಣ್ಣನ್ನು ಮೆಚ್ಚುವ ಹೆಣ್ಣಿಗೂ ಇಲ್ಲಿ ಜಾಗವಿದೆ ಎಂಬುದರ ಗುರುತಂತೆ. ಮಿಕ್ಕವರು ನಕ್ಕು ಬಿಸಾಕಿದರು. ಚಿಟ್ಟೆ ಕಟ್ಟಿಕೊಂಡ, ತಿಂಗಳು ಕಳೆದರೂ ಬಿಚ್ಚಲಿಲ್ಲ. ಕೆಣಕಿ ಕೇಳಿದ್ದಕ್ಕೆ ಒಂದೇ ಸಾಲು ಬರೆದ: ‘ನಾನಿರೋದೇ ಹೀಗೆ. ಆಡೋಕೆ ಅಡ್ಡಿಯಾ?’

ಅಂದಿನಿಂದ ವೇಣುವಿನ ಬಾಯಿ ಚರಂಡಿಯಾಯಿತು. ಚಿಟ್ಟೆಯನ್ನಷ್ಟೇ ಅಲ್ಲ, ಹೆತ್ತ ತಾಯಿಯನ್ನೂ ಎಳೆತಂದು ಬೈದ. ಮಿಕ್ಕ ಮೂವರು ಕಿಸಿಕಿಸಿ ನಕ್ಕು ಮತ್ತಷ್ಟು ಸೇರಿಸಿದರು. ಚಿಟ್ಟೆ ತಿರುಗಿ ಬೈಯಲಿಲ್ಲ. ಮೈಕು ಹಾಕಿ ಮಾತಾಡಿದವನೇ ಅಲ್ಲ. ಒಮ್ಮೆ ಮಾತ್ರ ಅದು ತಪ್ಪಿ ತೆರೆದುಕೊಂಡಿತು. ದನಿ ಬರಲಿಲ್ಲ, ಮಳೆ ಕೇಳಿಸಿತು. ಎಲೆಗಳ ಮೇಲೆ ಸಣ್ಣಗೆ, ಬಿಡದೆ ಬೀಳುವ ಮಳೆ. ವೇಣುವಿನ ಊರು ಮೇಲೂರಿನಲ್ಲಿ ಆಷಾಢದ ಗಾಳಿ ಬೀಸಿ ದೂಳು ಏಳುತ್ತಿತ್ತೇ ಹೊರತು ಒಂದು ಹನಿ ಬಿದ್ದಿರಲಿಲ್ಲ. ಘಟ್ಟದ ಕೆಳಗಿನವನು ಎಂದು ವೇಣು ತೀರ್ಮಾನಿಸಿದ. ಬಲು ದೂರದವನು. ಎಷ್ಟು ಉಗಿದರೂ ಎದುರಿಗೆ ಬಂದು ನಿಲ್ಲಲಾರ.

ಭಯವಿದ್ದದ್ದು ಒಂದೇ. ಬಾಯಿ ಹೊಲಸೆಂದು ಕಂಪನಿ ವೇಣುವಿಗೆ ಆಗಲೇ ಎಚ್ಚರಿಕೆ ಕೊಟ್ಟಿತ್ತು. ಇನ್ನೊಂದು ದೂರು ಬಂದರೆ ಅವನ ಖಾತೆ ಮುಚ್ಚುತ್ತಿತ್ತು. ಕಾಲೇಜಿಗೆ ಚಕ್ಕರ್ ಹೊಡೆದು ಕಟ್ಟಿದ ತಂಡ, ಚಿಕ್ಕಬಳ್ಳಾಪುರದಲ್ಲಿ ಆಡಬೇಕಿದ್ದ ಪಂದ್ಯ, ಎಲ್ಲ ಮಣ್ಣುಪಾಲು. ಚಿಟ್ಟೆ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಯಾಕೋ ಒತ್ತಿರಲಿಲ್ಲ. ಅವನು ಒತ್ತುವ ಮುಂಚೆ ತಾವೇ ಒತ್ತುವುದೆಂದು ವೇಣು ಮೂವರಿಗೂ ಹೇಳಿಟ್ಟ.

ಆ ಆಟ ಮುಗಿದು ಸ್ವಲ್ಪ ಹೊತ್ತಿಗೆ ಅಕ್ಕ ಯಾಮಿನಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಅಂಗಳ ದಾಟುತ್ತಿದ್ದಳು. ರೇಷ್ಮೆ ಸಾಕುವ ಹುಳುಮನೆಯ ಕೆಲಸವೆಲ್ಲ ಅವಳದೇ. ವೇಣು ಅತ್ತ ತಲೆ ಹಾಕಿದವನಲ್ಲ. ಚಿಕ್ಕಂದಿನಲ್ಲಿ ಕತ್ತಿನ ಮೇಲೆ ರೇಷ್ಮೆ ಹುಳ ಹರಿದು ವಾಂತಿ ಮಾಡಿಕೊಂಡವನು, ಆಮೇಲೆ ಆ ಹೊಸಿಲು ತುಳಿದಿರಲಿಲ್ಲ. ತಾಯಿ ರಾಮಲಕ್ಷ್ಮಮ್ಮನಿಗೆ ಮಗನಿಗಿಂತ ಮಗಳ ಚಿಂತೆ: ಬಂದ ಗಂಡುಗಳನ್ನೆಲ್ಲ ಒಲ್ಲೆನೆಂದವಳು ಶ್ರಾವಣದಲ್ಲಿ ಬರುವ ಗೌರಿಬಿದನೂರಿನ ಗಂಡಿಗಾದರೂ ಹ್ಞೂಂ ಅಂದಾಳೋ ಇಲ್ಲವೋ.

ವೇಣು ಅಕ್ಕನನ್ನು ನಿಲ್ಲಿಸಿ ಚಿಟ್ಟೆಯ ಕಥೆ ಹೇಳಿ ನಕ್ಕ. “ಥೂ, ಅವ್ನು ಗಂಡಸೇ ಅಲ್ಲ ಕಣಕ್ಕ.”

“ಅದೇನೋ ನಿಜ ಕಣಪ್ಪ,” ಎಂದಳು ಯಾಮಿನಿ, ಹೊರೆ ಇಳಿಸದೆ. “ನಿಂಗೇನು ಮಾಡ್ದ ಅವ್ನು?”

ಮಾಡಿದ್ದೇನು? ಬಿದ್ದಾಗಲೆಲ್ಲ ಎತ್ತಿದ್ದ. ಅದನ್ನು ವೇಣು ಹೇಳಲಿಲ್ಲ. “ರೋಗದ ಹುಳ ಸಿಕ್ರೆ ನೀನೇನ್ ಮಾಡ್ತೀಯ? ಸುಣ್ಣದ ನೀರಿಗೆ ಹಾಕಲ್ವಾ? ಒಂದಿದ್ರೆ ಇಡೀ ತಟ್ಟೆ ಹೋಗುತ್ತೆ ಅಂತ ನೀನೇ ಅಂತೀಯ. ಇವ್ನೂ ಅಷ್ಟೇ. ಎತ್ತಿ ಹಾಕೋದು.”

ಯಾಮಿನಿ ತಲೆಯ ಮೇಲಿನ ಹೊರೆ ಸರಿಮಾಡಿಕೊಂಡಳು.

“ಹಾಕೋಕೆ ಮುಂಚೆ ರೋಗ ಐತಾ ಅಂತ ನೋಡ್ಬೇಕು,” ಎಂದು ನಡೆದಳು.

ಮುಂದಿನ ಆಟಕ್ಕೆ ಎಂದಿನಂತೆ ಚಿಟ್ಟೆ ತಡವಾಗಿ ಬಂದ. ಎಂದಿನಂತೆ ವೇಣು ಮುನ್ನುಗ್ಗಿ ಗುಂಡು ತಿಂದು ಬಿದ್ದ. ಎಂದಿನಂತೆ ಚಿಟ್ಟೆ ಓಡಿ ಬಂದು ಬಗ್ಗಿದ.

“ಈಗ,” ಎಂದ ವೇಣು.

ನಾಲ್ವರೂ ಒಟ್ಟಿಗೆ ದೂರು ಒತ್ತಿದರು. ಒಂದು ದಿನವೂ ಬಾಯಿ ತೆರೆಯದವನು ಹೊಲಸು ಮಾತಾಡಿದನೆಂಬ ದೂರು. ಕಂಪನಿಯ ಯಂತ್ರ ಸಾಕ್ಷಿ ಕೇಳುವುದಿಲ್ಲ. ಒಟ್ಟಿಗೆ ಅಷ್ಟು ದೂರು ಕಂಡರೆ ಖಾತೆ ಮುಚ್ಚಿಬಿಡುತ್ತದೆ. ವೇಣುವಿನ ಕಡೆ ಚಾಚಿದ್ದ ಕೈ ಹಾಗೇ ಮಸುಕಾಗಿ ಕರಗಿತು. ಎತ್ತುವವರಿಲ್ಲದೆ ಅವನು ನೆಲದಲ್ಲೇ ಉಳಿದ. ಆದರೂ ನಾಲ್ವರೂ ಹೊಟ್ಟೆ ಹಿಡಿದು ನಕ್ಕರು, ಎಂಜಲು ಹಾರುವ ಹಾಗೆ.

ಮುದ್ದೆ ಆರುತ್ತಿದೆ, ಅಕ್ಕನನ್ನು ಕರಿ ಎಂದು ಅಡುಗೆಮನೆಯಿಂದ ರಾಮಲಕ್ಷ್ಮಮ್ಮ ಕೂಗಿದಳು. ವೇಣು ಅಂಗಳದಿಂದಲೇ ಕೂಗಿದ. ಉತ್ತರವಿಲ್ಲ. ಪೀಡೆ ಕಳೆದ ಹುರುಪಿನಲ್ಲಿ ತಾನೇ ಹೊರಟ. ಹೊರಗಿನ ರೋಗ ಒಳಗೆ ಬಾರದಿರಲೆಂದು ಹೊಸಿಲಲ್ಲಿ ಚೆಲ್ಲಿದ್ದ ಸುಣ್ಣ ಮೆಟ್ಟಿ, ಮೂಗು ಮುಚ್ಚಿಕೊಂಡು, ಹುಳುಮನೆಯ ಬಾಗಿಲು ತಳ್ಳಿದ.

ಒಳಗೆ ಮಳೆ ಸುರಿಯುತ್ತಿತ್ತು.

ತಿರುಗಿ ನೋಡಿದ. ಅಂಗಳದಲ್ಲಿ ಅದೇ ಒಣ ಗಾಳಿ, ದೂಳು. ಮತ್ತೆ ಒಳಗೆ ನೋಡಿದ. ತಟ್ಟೆ ತಟ್ಟೆಯಲ್ಲೂ ಬೆಳೆದ ಹುಳುಗಳು ತಲೆಯಾಡಿಸುತ್ತ ಸೊಪ್ಪು ಮೇಯುತ್ತಿದ್ದವು. ಸಾವಿರಾರು ಬಾಯಿಗಳು ಎಲೆ ಹರಿಯುವ ಸದ್ದು. ಸಣ್ಣಗೆ, ಬಿಡದೆ.

“ಬಾಗ್ಲು ಹಾಕ್ಕೋ ಕಣಪ್ಪ, ನೊಣ ಬರುತ್ತೆ,” ಎಂದಳು ಯಾಮಿನಿ, ಮಡಿಲಿನ ಫೋನಿನಿಂದ ಕಣ್ಣೆತ್ತದೆ. ಅದರಲ್ಲಿ ಕಾಮನಬಿಲ್ಲಿನ ಪಟ್ಟಿ ಕಟ್ಟಿದ ಸೈನಿಕನೊಬ್ಬ, ಬಿದ್ದವರನ್ನು ಎತ್ತಲು ಬಗ್ಗಿದ ಭಂಗಿಯಲ್ಲೇ, ಬೂದಿಯ ಬಣ್ಣಕ್ಕೆ ತಿರುಗಿ ನಿಂತಿದ್ದ.